ದೆವ್ವದ ಊಟಕ್ಕೆ ಉಪ್ಪಿಲ್ಲ

ಚನ್ನಮಲ್ಲಮ್ಮ ಏಳಲೆಂದು ನೆಲಕ್ಕೆ ಎಡಗೈ ಊರಿದ್ದು ಕಂಡು ಓಬಳಮ್ಮನ ಕತೆ ಅಲ್ಲಿಗೇ ನಿಂತಿತು. ಆಕೆ ಎದ್ದರೆ ಆಕೆಯ ಸಾಲೆಲ್ಲ ಏಳುತ್ತದೆ. ಒಂದು ಸಾಲು ಅರ್ಧಕ್ಕೆ ಎದ್ದಮೇಲೆ ಇನ್ನೊಂದು ಸಾಲು ಕೂತು ಉಣ್ಣುವುದುಂಟೆ?

ಮಧುಗಿರಿಯ ಹೆಂಗಸರ ರಾತ್ರಿ ಶಾಲೆಯ ಗರಿ ಮಾಡು ಗಾಳಿಗೆ ಹಾರಿಹೋಗಿತ್ತು. ಮಳೆಗಾಲದೊಳಗೆ ಹೆಂಚು ಹೊದಿಸದಿದ್ದರೆ ಶಾಲೆ ಮುಚ್ಚುವುದೇ ಎಂದು ಮೇಷ್ಟ್ರು ಹೇಳಿಬಿಟ್ಟಿದ್ದರು. ಓಬಳಮ್ಮನ ಓದು ಆಗತಾನೇ ಒತ್ತಕ್ಷರಕ್ಕೆ ಬಂದಿತ್ತು. ತನ್ನ ಹೆಸರನ್ನು ‘ಓಬಳ’ ತನಕ ಬರೆಯುತ್ತಿದ್ದಳು. ಉಳಿದದ್ದು ಇನ್ನೂ ಕೈಗೆ ಹತ್ತಿರಲಿಲ್ಲ. ಅಷ್ಟಕ್ಕೇ ಬಿಟ್ಟುಬಿಡುವುದು ಅವಳಿಗೆ ಆಗದ ಮಾತು.

ಹಾಗಾಗಿಯೇ ರೇಣುಕಯ್ಯನವರ ಹುಣಸೆ ಮಂಡಿಯಲ್ಲಿ ಈ ದೆವ್ವದ ಊಟ. ಊರ ಹೆಂಗಸರು ಬಂದು, ದೆವ್ವದ ಕತೆ ಕೇಳುತ್ತ ಉಂಡು, ಏಳುವಾಗ ಬಾಗಿಲ ಬಳಿಯ ತಟ್ಟೆಗೆ ಕೈಲಾದದ್ದು ಹಾಕಬೇಕು. ಬಡಿಸಿದ್ದೆಲ್ಲ ಕಪ್ಪು: ರಾಗಿ ಮುದ್ದೆ, ಹುರುಳಿ ಸಾರು, ಎಳ್ಳಿನ ಚಿಗಳಿ. ಉಪ್ಪಿದ್ದಲ್ಲಿ ದೆವ್ವ ಸುಳಿಯುವುದಿಲ್ಲವಲ್ಲ, ಅದಕ್ಕೆ ಕತೆ ಮುಗಿಯುವ ತನಕ ಸಾರಿಗೂ ಎಲೆಗೂ ಉಪ್ಪಿಲ್ಲ. ಅಡುಗೆಗೆ ತಕರಾರು ಬರಬಾರದೆಂದು ಚನ್ನಮಲ್ಲಮ್ಮನ ಪೈಕಿಯ ಶಿವರುದ್ರಮ್ಮನೇ ಒಲೆ ಹಚ್ಚಿ ಬಡಿಸಿಯೂ ಇದ್ದಳು; ಓಬಳಮ್ಮ ಯಾವುದನ್ನೂ ಮುಟ್ಟಿರಲಿಲ್ಲ. ಕೂರುವುದಕ್ಕೂ ತಕರಾರು ಬಂದೀತೆಂದು ಮಾತ್ರ ಯಾರಿಗೂ ಹೊಳೆದಿರಲಿಲ್ಲ. ಬಂದವರು ತಾವಾಗಿಯೇ ಎರಡು ಪಾಲಾದರು. ಚನ್ನಮಲ್ಲಮ್ಮನ ಕಡೆಯವರು ಗೋಡೆಗೆ, ಒಕ್ಕಲು ಮನೆಯವರು ಬಾಗಿಲಿಗೆ. ನಡುವೆ ಒಂದು ಗಾಡಿ ಹೊಡೆಯುವಷ್ಟು ಜಾಗ. ಬಾಗಿಲ ಸಾಲಿನ ರಾಜಲಕ್ಷ್ಮಮ್ಮನ ಕೂಸಿಗೆ ಇದೆಲ್ಲ ಹೇಗೆ ತಿಳಿಯಬೇಕು? ತಟಪಟ ನಡೆದುಬಂದು ಚನ್ನಮಲ್ಲಮ್ಮನ ಸೆರಗು ಹಿಡಿಯಿತು. ಆಕೆ ಏಳಹೊರಟದ್ದು ಅದಕ್ಕೇ.

ಓಬಳಮ್ಮ ಲಾಟೀನಿನ ಬತ್ತಿ ಇಳಿಸಿದಳು.

“ಏಳಬ್ಯಾಡಿ ಅಮ್ಮಾರೆ. ಎದ್ದೋರ ಎಲೆಗೇ ಅವ್ಳು ಬಂದು ಕೂರಾದು.”

ಊರಿದ ಕೈ ಊರಿದಂತೆಯೇ ಉಳಿಯಿತು.

“ಯಾವೋಳೇ ಅವ್ಳು?” ಎಂದಳು ಬಾಗಿಲ ಕಡೆಯ ಒಬ್ಬ ಮುದುಕಿ. “ಉಪ್ಪಿಲ್ದಿದ್ ಸಾರಿಗೆ ಬರಾಕೆ ನಾಲ್ಗೆ ಸತ್ತೋಗೈತಾ ಅವ್ಳಿಗೆ?”

ನಗು ಎದ್ದಿತು. ಅದು ಆರಿದ ಮೇಲೆ ಓಬಳಮ್ಮ ಮುಂದುವರಿಸಿದಳು.

“ಹಸ್ಕಂಡ್ ಸತ್ತೋಳು ಕಣಮ್ಮ. ಮದ್ವೆ ಮನೇಲಿ ಜಾಗ ಇಲ್ಲ ಅಂತ ಎಬ್ಬಿಸ್ಬುಟ್ರಂತೆ. ಈಗ ಎಲ್ಲಿ ಎಲೆ ಹಾಕುದ್ರೂ ಬತ್ತಾಳೆ. ಎಲೆಗೂ ಎಲೆಗೂ ನಡುವೆ ಎಲ್ಲಿ ಜಾಗ ಬುಟ್ಟವ್ರೆ ಅಂತ ನೋಡ್ತಾಳೆ. ಅದು ತನ್ಗೇ ಬುಟ್ಟಿರಾದು ಅನ್ಕತಾಳೆ.”

ಇದು ಅವಳ ಅಜ್ಜಿ ಹೇಳಿದ ಕತೆಯಲ್ಲ. ಈಗ, ಬಾಯಿಗೆ ಬಂದದ್ದು. ಮುಂದೇನೆಂದು ಅವಳಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಮೂಲೆಯ ಹುಣಸೆ ಮೂಟೆಗಳ ಸಂದಿಯಲ್ಲಿ ಇಲಿಯೊಂದು ಸರಸರ ಎಂದಿತು. ಯಾರೋ ಉಸಿರು ಎಳೆದುಕೊಂಡರು. ಆಮೇಲೆ ನೆಲದ ಮೇಲೆ ಎಲೆ ಎಳೆದ ಸದ್ದು. ಗೋಡೆಯ ಕಡೆ ಒಂದು, ಬಾಗಿಲ ಕಡೆ ಎರಡು.

ಓಬಳಮ್ಮ ಅವಸರ ಮಾಡಲಿಲ್ಲ. ಹುಣಸೆ ತೋಪಿನಿಂದ ಕೆರೆ ಏರಿಗೆ, ಏರಿಯಿಂದ ಪೇಟೆ ಬೀದಿಗೆ, ಬೀದಿಯಿಂದ ಈ ಮಂಡಿಯ ಹೊಸಿಲಿಗೆ ಆ ದೆವ್ವವನ್ನು ಹೆಜ್ಜೆಹೆಜ್ಜೆಯಾಗಿ ನಡೆಸಿ ತಂದಳು. ನೆಲದ ಸದ್ದು ಪೂರ್ತಿ ನಿಂತ ಮೇಲೆಯೇ ಒಳಗೆ ಬಿಟ್ಟಳು. ದೆವ್ವ ಸುತ್ತಲೂ ನೋಡಿತಂತೆ. ಬೆರಳು ತೂರುವಷ್ಟೂ ಸಂದಿಲ್ಲ. ಕೊನೆಗೆ ತಡವಾಗಿ ಬಂದ ನೆಂಟರ ಹಾಗೆ ತುದಿಯಲ್ಲಿ ಕೂತಿತಂತೆ. ಉಪ್ಪು ಬಡಿಸಿದರಂತೆ. ಉಪ್ಪು ತಿಂದ ಮೇಲೆ ಅದು ದೆವ್ವವಾಗಿ ಉಳಿಯಲಿಲ್ಲ.

ಬತ್ತಿ ಏರಿಸಿದಳು.

ಗೋಡೆಯ ಸಾಲೂ ಇರಲಿಲ್ಲ, ಬಾಗಿಲ ಸಾಲೂ ಇರಲಿಲ್ಲ. ಲಾಟೀನಿನ ಸುತ್ತ ಒಂದೇ ಬಳೆಯ ಹಾಗೆ ಎಲ್ಲರೂ ಮುದುರಿ ಕೂತಿದ್ದರು. ಚನ್ನಮಲ್ಲಮ್ಮನ ಮೊಣಕಾಲಿಗೆ ರಾಜಲಕ್ಷ್ಮಮ್ಮನ ಮೊಣಕಾಲು ತಾಗಿತ್ತು. ಕೂಸು ಸೆರಗು ಬಿಟ್ಟಿರಲಿಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡಿಕೊಂಡರು; ಆಮೇಲೆ ಚನ್ನಮಲ್ಲಮ್ಮನನ್ನು ನೋಡಿದರು.

ಆಕೆ ತನ್ನ ಎಲೆಯನ್ನು ನೋಡುತ್ತ ಕೂತಿದ್ದಳು. ಕೊನೆಗೆ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡು ಮುಖ ಕಿವುಚಿದಳು.

“ದೆವ್ವ ಹೋಯ್ತಲ್ಲೇ ಓಬಳಮ್ಮ. ಇನ್ನಾದ್ರೂ ಉಪ್ಪು ಬಡುಸ್ತೀಯೋ ಇಲ್ವೋ?”

ಓಬಳಮ್ಮ ಶಿವರುದ್ರಮ್ಮನ ಕಡೆ ತಿರುಗಿದಳು. ಶಿವರುದ್ರಮ್ಮ ಉಪ್ಪಿನ ಮರಿಗೆಯನ್ನು ಅವಳ ಕೈಗೇ ಇಟ್ಟು, “ನಿನ್ನೇ ಕೇಳಿದ್ದು” ಎಂದಳು.

ಬಳೆಯಂಥ ಸಾಲಿಗೆ ಮೊದಲು ಯಾವುದು, ಕೊನೆ ಯಾವುದು? ಓಬಳಮ್ಮ ಅರೆಗಳಿಗೆ ತಡೆದು, ಬಗ್ಗಿ, ಚನ್ನಮಲ್ಲಮ್ಮನ ಎಲೆಯ ತುದಿಗೆ ಒಂದು ಚಿಟಿಕೆ ಇಟ್ಟಳು. ಕೂಸು ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡೇ ಇನ್ನೊಂದು ಕೈಯನ್ನು ಉಪ್ಪಿಗೆ ಚಾಚಿತು.