ಮಡಚದ ಬೆರಳು

ಫ್ಯಾನಿನ ಗಾಳಿಗೆ ರುಮಾಲಿನ ತುದಿ ಅಲುಗಿತು, ಸಾವಕಾರರು ತಲೆಯಾಡಿಸಿದರು ಅನ್ನಿಸಿ ಕಾಶಿನಾಥ ಕೈ ಹಿಂದಕ್ಕೆಳೆದುಕೊಂಡ, ಥೂ, ಇಪ್ಪತ್ತು ವರ್ಷದಿಂದ ಹೆಣ ಕೂಡಿಸುವವನು ಹೆದರುವುದೇ, ಝರಾಸಂಗದ ಸುತ್ತಲಿನ ಯಾವ ಲಿಂಗಾಯತರ ಮನೆಯಲ್ಲಿ ಸಾವಾದರೂ ಫೋನು ಬರುವುದು ಇವನಿಗೇ, ಗೋಡೆಗೆ ಗೂಟ ಹೊಡೆದು, ಗದ್ದಕ್ಕೆ ಪಟ್ಟಿ ಕಟ್ಟಿ, ಸತ್ತವರನ್ನು ಪೂಜೆಗೆ ಕುಳಿತಂತೆ ಕೂಡಿಸುವ ಕೈ ಇವನದು — ಇವತ್ತು ಶಂಕ್ರೆಪ್ಪ ಸಾವಕಾರರು, ಮಾಜಿ ಶಾಸಕರು. ಹೊರಗೆ ಜಹೀರಾಬಾದಿನಿಂದ ಬಂದ ಜೀಪುಗಳು, ಅಮರ್ ರಹೇ, ಅರ್ಧ ಊರು ಅಳುತ್ತಿದೆ, ಅರ್ಧ ಊರು ಬಾಗಿಲು ಹಾಕಿಕೊಂಡಿದೆ, ಕೆಳಗಿನ ಓಣಿಯಲ್ಲಿ ಯಾರೋ ಪಟಾಕಿ ಹೊಡೆದರಂತೆ. ವಿಭೂತಿ ಹಚ್ಚಿದ್ದಾಯಿತು, ಎಡಗೈಯಲ್ಲಿ ಲಿಂಗ ಇಟ್ಟಿದ್ದಾಯಿತು, ಬಲಗೈಯ ನಾಲ್ಕು ಬೆರಳು ಮಾತು ಕೇಳಿದವು, ತೋರುಬೆರಳು ಮಾತ್ರ ಕೇಳುತ್ತಿಲ್ಲ. ಇದೇ ಬೆರಳು. ಒಂಬತ್ತು ವರ್ಷದ ಹಿಂದೆ ಮೊಗುಡಂಪಲ್ಲಿಯ ಸಭೆ, ಅಕ್ಕನ ಗಂಡ ರೇವಪ್ಪ ಮಾವ ಎದ್ದುನಿಂತು ಕೇಳಿದ್ದು ಒಂದೇ ಮಾತು, ಊರ ಗೋಮಾಳ ಯಾರ ಹೆಸರಿಗಿ ಆಗ್ಯಾದ ಹೇಳ್ರಿ ಸಾವಕಾರ್ರ, ಆಗ ಈ ಬೆರಳು ಮಾವನ ಕಡೆಗೆ ಎದ್ದಿತು — ಇಂವಾ ನಮ್ಮಾಂವ ಅಲ್ಲ, ಇಂವನ ಮನಿಗಿ ಹೋಗಾಂವನೂ ನಮ್ಮಾಂವ ಅಲ್ಲ — ಚಪ್ಪಾಳೆ, ಹೆಂಗಸರ ಸಾಲಿನಿಂದ ಒಡಹುಟ್ಟಿದ ಪ್ರೇಮಲಕ್ಕ ತಿರುಗಿ ನೋಡಿದಾಗ ಕಾಶಿನಾಥನ ಎರಡೂ ಕೈ ಚಪ್ಪಾಳೆಯಲ್ಲಿದ್ದವು. ಎಲ್ಲರೂ ತಟ್ಟಿದರು, ತಾನೂ ತಟ್ಟಿದ, ಅಷ್ಟೇ. ಅಷ್ಟೇ ಏನು? ಗಿರಣಿಯವನು ಅಕ್ಕನ ಜೋಳ ಬೀಸಲಿಲ್ಲ, ಮದುವೆಗೆ ಯಾರೂ ಕರೆಯಲಿಲ್ಲ, ಹೋದ ವರ್ಷ ಮಾವ ಸತ್ತಾಗ ಅಕ್ಕ ಮೂರು ಸಲ ಫೋನು ಮಾಡಿದಳು, ತಮ್ಮಾ ಬಾರೋ, ನಿಮ್ಮ ಮಾವಗ ಕೂಡಸಾಕ ಯಾರೂ ಬರವಲ್ರು, ಬಂದೆ ಅಕ್ಕಾ ಅಂದವನು ಸಾವಕಾರರಿಗೆ ಹೆದರಿ ತಾಂಡೂರಿನ ಬಸ್ಸು ಹತ್ತಿದ, ಕೆಲಸವಿಲ್ಲದ ಊರಲ್ಲಿ ಕಲ್ಲು ಕೊಯ್ಯುವ ಮಶೀನುಗಳ ಸದ್ದು ಕೇಳುತ್ತಾ ಸಂಜೆತನಕ ಅಡ್ಡಾಡಿದ, ಫೋನು ಕಿಸೆಯಲ್ಲಿ ನಡುಗುತ್ತಲೇ ಇತ್ತು. ಮಾವನನ್ನು ಮಲಗಿಸಿಯೇ ಮಣ್ಣು ಮಾಡಿದರು.

ಇವತ್ತು ಬೆಳಿಗ್ಗೆ ವರ್ಷದ ಮೇಲೆ ಅಕ್ಕನ ದನಿ, ಸಾವಕಾರ್ಗ ಕೂಡಸಾಕ ನಡದೀ ಏನು, ಹೋಗು, ಚಂದಾಗಿ ಕೂಡಸು, ಖರೆ ನಾ ಸತ್ತಾಗ ಆ ಕೈಲಿಂದ ನನಗ ಮುಟ್ಟಬ್ಯಾಡ. ಇನ್ನೂ ಎದ್ದು ಹೋಗಬಹುದು, ಬಾಗಿಲು ನಾಲ್ಕೇ ಹೆಜ್ಜೆ, ಹನ್ನೊಂದರ ಬಸ್ಸಿದೆ, ಹೋಗಿ ಅಕ್ಕನ ಕಾಲು ಹಿಡಿಯಬಹುದು, ಹಿಡಿದು ಏನು ಹೇಳುವುದು — ಆತೇನೋ ಕಾಶಿ, ಬಾಗಿಲಲ್ಲಿ ಸಾವಕಾರರ ಮಗ ಜ್ಞಾನೇಶ್ವರ, ಮಂತ್ರಿಗಳು ಬರಾಕ ಹತ್ಯಾರ, ಆತ್ರಿ, ಒಂದು ಬೆರಳು ಉಳದದ, ತನ್ನದೇ ಬಾಯಿ ಎಷ್ಟು ಮೆತ್ತಗೆ ಹೇಳಿತು, ನಾಚಿಕೆಗೇಡಿ ಬಾಯಿ. ಬಿಸಿನೀರಿನ ಬಟ್ಟೆ ಸುತ್ತಿದ, ಒತ್ತಿದ, ಬಿಟ್ಟ, ಬೆರಳು ಮತ್ತೆ ನೆಟ್ಟಗಾಯಿತು. ಪಟ್ಟಿ ಬಿಗಿಯಲು ಸರಿದಾಗ ಮೊಣಕೈ ತಗುಲಿ ಸಾವಕಾರರ ಕೈ ತೊಡೆಯ ಮೇಲೆ ಹೊರಳಿತು, ಬೆರಳು ಇವನ ಎದೆಗೆ ನೇರ, ರಸ್ತೆಯಲ್ಲಿ ಬಸ್ಸಿನ ಹಾರ್ನು, ಹೋಯಿತು, ಮಾವ ಮಣ್ಣಲ್ಲಿ ಅಂಗಾತ, ಬೆರಳು, ಅಕ್ಕ ತಿರುಗಿ ನೋಡುತ್ತಾಳೆ, ಬೆರಳು, ಮತ್ತೆ ಮಡಚಿದ, ಮತ್ತೆ ಎದ್ದಿತು, ಇವನ ಎದೆಗೇ, ಇಂವಾ ನಮ್ಮಾಂವ, ಇಂವಾ ನಮ್ಮಾಂವ, ಆ ಬೆರಳು.