ಎಂಟರ ಸುತ್ತಿನಲ್ಲಿ ಹಕುನಾ ಮಟಾಟಾ

ಎರಡನೇ ತಿರುವಿನಲ್ಲೇ ಮೊಪೆಡ್ ಮೇಲಿದ್ದ ದ್ರೌಪದಿಯ ಎಡಗಾಲು ಮತ್ತೆ ನೆಲಕ್ಕೆ ಊರಿತು. ಚಂದಾಪುರದ ಮೈದಾನದಲ್ಲಿ ಎಂಟರ ಆಕಾರಕ್ಕೆ ಎಳೆದಿದ್ದ ಸುಣ್ಣದ ಗೆರೆ ಅಲ್ಲಿ ಒಂದಿಷ್ಟು ಅಳಿಸಿಹೋಯಿತು.

"ಇನ್ನೊಂದೇ ಚಾನ್ಸ್ ನೋಡ್ರಿ ಸಿಸ್ಟರ್," ಎಂದ ಆರ್‌ಟಿಓ ಇನ್‌ಸ್ಪೆಕ್ಟರ್.

"ನೆಲ ಯಾಕ ನೋಡ್ಲಿಕತ್ತೀರಿ, ಅಲ್ಲೇನು ಬಂಗಾರ ಬಿದ್ದದೇನು?" ಎಂದು ಕೂಗಿದ ಮೆಕ್ಯಾನಿಕ್ ನಬೀಸಾಬ್. ಹಳೆಯ ಮೊಪೆಡ್ಡನ್ನು ಅವಳಿಗೆ ಮಾರಿದವನೂ ಕಲಿಸಿದವನೂ ಅವನೇ.

ಕಾಲೂರದೆ ಸುತ್ತು ಮುಗಿಸಿದರೆ ಲೈಸೆನ್ಸು. ಲೈಸೆನ್ಸಿದ್ದರೆ ಗುಡ್ಡದ ಮೂರು ತಾಂಡಾಗಳಿಗೂ ಒಂದೇ ದಿನ ಲಸಿಕೆ. ನರ್ಸ್ ದ್ರೌಪದಿ ಹನ್ನೊಂದು ವರ್ಷದಿಂದ ನಡೆದೇ ಹೋಗುತ್ತಿದ್ದಳು. ಎರಡು ತಾಂಡಾ ಮುಗಿಯುವಷ್ಟರಲ್ಲಿ ಹೊತ್ತು ಇಳಿಯುತ್ತಿತ್ತು, ಲಸಿಕೆ ಡಬ್ಬಿಯ ಐಸು ಕರಗಿರುತ್ತಿತ್ತು. ಮೂರನೆಯದು ಮುಂದಿನ ತಿಂಗಳಿಗೆ ಬೀಳುತ್ತಿತ್ತು. ಹೋದ ಬೇಸಿಗೆಯಲ್ಲಿ ದಡಾರ ಬಂದದ್ದು ಅಲ್ಲಿಗೇ.

"ಗಾಡಿ ಮ್ಯಾಲ ಏನು ಬರ್ಸೀರಿ ಇದು?" ಇನ್‌ಸ್ಪೆಕ್ಟರ್ ಮುಂದಿನ ಸ್ಟಿಕರಿಗೆ ಬೆರಳಿಟ್ಟ.

"ಹಕುನಾ ಮಟಾಟಾ ಸಾಹೇಬ್ರ. ಜಪಾನ್ ಕಂಪನಿ," ಎಂದ ನಬೀಸಾಬ್.

ದ್ರೌಪದಿಯ ಮಗಳು ಭಾಗ್ಯ ನಕ್ಕಳು. "ಜಪಾನ್ ಅಲ್ರೀ ಕಾಕಾ, ಆಫ್ರಿಕಾದ್ದು. ಸ್ವಾಹಿಲಿ ಭಾಷಾ. ಕಾರ್ಟೂನ್ ಸಿನಿಮಾದಾಗ ಬರ್ತದ. ಏನೂ ಚಿಂತಿ ಇಲ್ಲ ಅಂತ ಅರ್ಥ."

"ಚಿಂತಿ ಇಲ್ಲಂತ! ಹಂಗಂದವರನ್ನ ಕರ್ಕೊಂಡು ಬಾ, ಈ ಸುಣ್ಣದಾಗ ಗಾಡಿ ಹೊಡೀಲಿ," ಎಂದಳು ದ್ರೌಪದಿ.

"ಅವ್ವಾ, ಕೂಸಿಗೆ ಸೂಜಿ ಮಾಡೋವಾಗ ನೀನೇ ಹೇಳ್ತೀಯಲ್ಲ, ಏನೂ ಆಗಂಗಿಲ್ಲ ತಾಯಿ, ಈ ಕಡಿ ನೋಡು ಅಂತ? ಅದೇ ಮಾತು."

ಆ ಮಾತನ್ನು ಹೇಳುವಾಗ ದ್ರೌಪದಿಗೂ ಪ್ರತಿಸಲ ಅಳುಕು ಇದ್ದೇ ಇರುತ್ತಿತ್ತು. ಕೈ ಮಾತ್ರ ನಿಲ್ಲುತ್ತಿರಲಿಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಗಾಡಿ ಹತ್ತಿದಳು. ಮೊದಲ ತಿರುವಿನಲ್ಲಿ ಚಕ್ರ ಹೊಯ್ದಾಡಿತು. ಇಷ್ಟು ದಿನ ಹೆದರಿ ವೇಗ ಇಳಿಸುತ್ತಿದ್ದವಳು ಈ ಸಲ ತುಸು ಏರಿಸಿದಳು. ಚಕ್ರ ತಾನಾಗಿ ನೆಟ್ಟಗಾಯಿತು. ಎರಡನೇ ತಿರುವು ಬಂದದ್ದೂ ಹೋದದ್ದೂ ತಿಳಿಯಲಿಲ್ಲ.

"ಸಾಕ್ರಿ ಸಿಸ್ಟರ್, ಪಾಸಾದ್ರಿ! ನಿಂದರ್ರಿ!" ಎಂದು ಇನ್‌ಸ್ಪೆಕ್ಟರ್ ಕೂಗುತ್ತಿದ್ದರೂ ದ್ರೌಪದಿ ಇನ್ನೊಂದು ಎಂಟು ಸುತ್ತಿ ಬಂದಳು. ನಬೀಸಾಬ್ ಶಿಳ್ಳೆ ಹೊಡೆದ.

ಲೈಸೆನ್ಸು ಕೈಗೆ ಬಂದ ವಾರ, ಗುರುವಾರ, ಅವಳು ಮೂರನೇ ತಾಂಡಾ ಮುಟ್ಟಿದಾಗ ಇನ್ನೂ ಹನ್ನೊಂದು ಗಂಟೆ. ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸೊಬ್ಬಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಯವ್ವಾ, ಇಷ್ಟು ಲಗೂ ಬಂದ್ರಿ? ಕೂಸುಗಳು ಇನ್ನಾ ಮಲ್ಕೊಂಡಾವ್ರಿ."

"ಮಲಗಲಿ ಬಿಡು," ಎಂದು ದ್ರೌಪದಿ ಬೇವಿನ ಕಟ್ಟೆಯ ಮೇಲೆ ಕುಳಿತು ಲಸಿಕೆಯ ಡಬ್ಬಿ ತೆರೆದಳು. ಒಳಗಿನ ಐಸು ಗಟ್ಟಿಯಾಗಿಯೇ ಇತ್ತು.