ಬಿಚ್ಚಿದ ಮೇಲೂ ಉಳಿದ ತಂತಿ

ಜನವರಿಯಲ್ಲಿ ಡೆವನ್ ಸೀಮೆಯ ಜೇಡಿಮಣ್ಣನ್ನು ನೆಲ ಎಂದು ಕರೆಯುವುದು ಬರೀ ಮರ್ಯಾದೆಗೆ. ಚಗ್ ದಂಪತಿಗಳ ಕೆಳಗಿನ ಹೊಲದಲ್ಲಿ ಅದು ಗಮ್‌ಬೂಟನ್ನು ಇಟ್ಟುಕೊಂಡು ಕಾಲನ್ನು ಮಾತ್ರ ವಾಪಸು ಕೊಡುತ್ತಿತ್ತು. ಆ ಹೊಲದ ನಡುವೆ, ಅರ್ಧ ಹೂತುಹೋದ ತಗಡಿನ ಗೂಡಿನ ಮುಂದೆ, ಬೆಗೋನಿಯಾ ಎಂಬ ಹೆಣ್ಣುಹಂದಿ ತುಂಬು ಬಸುರಿಯಾಗಿ ನಿಂತಿತ್ತು. ಬೆಳಿಗ್ಗೆ ಮನೆಯೊಡತಿ ಥರ್ಜಾ ಅದರ ಮೊಲೆ ಹಿಂಡಿ ನೋಡಿದ್ದಳು. ಹಾಲು ಇಳಿದಿತ್ತು. ಅಂದರೆ ಕತ್ತಲಾಗುವುದರೊಳಗೆ ಮರಿ.

ಹೋದ ಚಳಿಗಾಲದಲ್ಲೂ ಬೆಗೋನಿಯಾ ಇದೇ ಗೂಡಿನಲ್ಲಿ ಈದಿತ್ತು. ಕೆಸರುನೀರು ಒಳಗೆ ನುಗ್ಗಿ ಒಂದು ಮರಿಯೂ ಉಳಿಯಲಿಲ್ಲ. ಅವನ್ನು ಹೂತವಳು ಥರ್ಜಾ ಒಬ್ಬಳೇ. ಗಂಡ ಹೆಡ್ಲಿ ಅವತ್ತು ದಿನವಿಡೀ ಶೆಡ್ಡಿನಲ್ಲಿ ಟ್ರ್ಯಾಕ್ಟರಿನ ಎಣ್ಣೆ ಬದಲಾಯಿಸುತ್ತಿದ್ದ. ಅಷ್ಟು ಎಣ್ಣೆ ಕುಡಿಯುವ ಟ್ರ್ಯಾಕ್ಟರು ಆ ಸೀಮೆಯಲ್ಲೇ ಇಲ್ಲ. ಥರ್ಜಾ, ಇನ್ನೊಮ್ಮೆ ಹೀಗಾದರೆ ಹಂದಿ ಸಾಕುವುದೇ ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಚಹಾಕ್ಕೆ ನೀರಿಟ್ಟಳು.

ಈ ಸಲ ಹೆಡ್ಲಿ ಮೇಲಿನ ಒಣ ಹೊಲದಲ್ಲಿ ಹೊಸ ಗೂಡು ಇಟ್ಟು ಹುಲ್ಲು ಹಾಸಿದ್ದ. ಗೇಟಿನ ಬಾಯಲ್ಲಿ ಕೆಸರು ಹಂದಿಯ ಹೊಟ್ಟೆ ಮುಟ್ಟುವಷ್ಟಿತ್ತು. ಅದಕ್ಕೇ ಎರಡು ಹೊಲಗಳ ನಡುವಿನ ಕರೆಂಟ್ ತಂತಿಯನ್ನು ಬಿಚ್ಚಿ, ಗೂಟ ಕಿತ್ತು, ಸುತ್ತಿಟ್ಟ. ಇನ್ನು ಹಂದಿ ನಾಲ್ಕು ಹೆಜ್ಜೆ ಮೇಲೆ ಬಂದರಾಯಿತು.

ಹಂದಿ ಬಂತು. ತಂತಿ ಇದ್ದ ಜಾಗದವರೆಗೆ ಬಂದು ನಿಂತಿತು.

"ಬಾರೇ ರಾಣಿ, ತಂತಿ ಇಲ್ಲ ಈಗ," ಅಂದ ಹೆಡ್ಲಿ.

ಬೆಗೋನಿಯಾ ಅವನ ಮಾತನ್ನು ನಂಬಲಿಲ್ಲ. ಮರಿಯಾಗಿದ್ದಾಗ ಮೂತಿಗೆ ಚುರುಕ್ಕೆನಿಸಿ ಆ ತಂತಿಯ ಪಾಠ ಕಲಿಸಿದವನು ಅವನೇ. ಹೆಡ್ಲಿ ಸೇಬು ತೋರಿಸಿದ. ಅದು ಸೇಬನ್ನು ನೋಡಿತು, ಅವನನ್ನು ನೋಡಿತು, ಸೇಬು ಕೈಜಾರಿ ಇಳಿಜಾರಿನಲ್ಲಿ ತನ್ನ ಕಡೆಗೇ ಉರುಳಿ ಬಂದಾಗ ತಿಂದಿತು.

ತಲೆಗೆ ಬಕೆಟ್ ಕವುಚಿದರೆ ಹಂದಿ ಹಿಂದಕ್ಕೆ ನಡೆಯುತ್ತದೆ ಅನ್ನುವುದು ಊರಿಗೆಲ್ಲ ಗೊತ್ತು. ಗಂಡ ಹೆಂಡತಿ ಸೇರಿ ಅದನ್ನು ತಿರುಗಿಸಿ ನಿಲ್ಲಿಸಿ ಬಕೆಟ್ ಕವುಚಿದರು. ಹಿಂದಕ್ಕೇನೋ ನಡೆಯಿತು. ತಂತಿ ಇದ್ದ ಗೆರೆಯ ಹತ್ತಿರ ಬಂದದ್ದೇ ತಡ, ಬಕೆಟ್ ಸಮೇತ ಕುಳಿತುಬಿಟ್ಟಿತು.

"ಕಣ್ಣು ಮುಚ್ಚಿದ್ರೂ ಹೆಂಗ್ ಗೊತ್ತಾಯ್ತೇ ಇದಕ್ಕೆ?"

"ನೀನು ಕಣ್ಣು ಮುಚ್ಕೊಂಡು ಪಬ್ಬಿಗೆ ಹೋಗಲ್ವಾ? ಹಂಗೇ."

ಗೆರೆಯ ಮೇಲೆ ದಪ್ಪಗೆ ಹುಲ್ಲು ಹಾಸಿ ಮರೆಮಾಡೋಣ ಅಂದ ಹೆಡ್ಲಿ. ಹಾಸಿದರು. ಬೆಗೋನಿಯಾಗೆ ಬಹಳ ಸಂತೋಷವಾಯಿತು. ಬಾಯಿ ತುಂಬ ಕಚ್ಚಿಕೊಂಡು ಹೋಗಿ ಹಳೆಯ ಗೂಡಿನಲ್ಲಿ ಸುರಿದು ಬಂತು. ಈಯುವ ಹೊತ್ತು ಹತ್ತಿರವಾದ ಹಂದಿ ಹಾಸಿಗೆ ಮಾಡಿಕೊಳ್ಳುವುದನ್ನು ತಡೆಯುವವರು ಯಾರು? ಹೆಡ್ಲಿ ಮೇಲಿನಿಂದ ಹುಲ್ಲು ಹೊತ್ತು ತಂದ, ಅದು ಕೆಳಕ್ಕೆ ಸಾಗಿಸಿತು. ಅವನು ಮತ್ತೆ ತಂದ.

"ಕೊನೆಗಾಲದಲ್ಲಿ ಹಂದಿ ಹತ್ರ ಆಳಾಗ್ಬಿಟ್ನಲ್ಲ ಮಾರಾಯ್ತಿ!"

ಥರ್ಜಾಗೆ ನಗು ಬರಲಿಲ್ಲ. ಹಳೆಯ ಗೂಡಿನಲ್ಲಿ ಹುಲ್ಲು ಆಗಲೇ ಅಡಿಯಿಂದ ಒದ್ದೆಯಾಗಿ ಕಪ್ಪಗಾಗುತ್ತಿತ್ತು. ಹೋದ ವರ್ಷ ಅಗೆದ ಗುಂಡಿ ಅವಳಿಗೆ ನೆನಪಾಯಿತು. ಏನು ಮಾಡಲೂ ತೋಚದೆ ಗಂಡನನ್ನು ನೋಡುತ್ತ ನಿಂತಳು. ಹೆಡ್ಲಿ ಹುಲ್ಲು ತಬ್ಬಿಕೊಂಡು ಇಳಿದು ಬಂದ, ಗೆರೆಯ ಹತ್ತಿರ ಬಲಗಾಲನ್ನು ಮೊಣಕಾಲೆತ್ತರಕ್ಕೆ ಎತ್ತಿ ಈಚೆ ಇಟ್ಟ, ಆಮೇಲೆ ಎಡಗಾಲನ್ನೂ ಹಾಗೆಯೇ.

"ಹೆಡ್ಲಿ, ಏನ್ ದಾಟ್ದೆ ನೀನೀಗ?"

"ಏನ್ ದಾಟ್ದೆ?"

"ತಂತಿ ಬಿಚ್ಚಿದೋನೇ ಹಂಗೆ ಕಾಲೆತ್ತಿದ್ರೆ ಹಂದಿ ಏನ್ ತಿಳ್ಕೊಬೇಕು ಮಾರಾಯ?"

ಹೆಡ್ಲಿ ತನ್ನ ಕಾಲನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ನೀನೂ ಬೆಳಿಗ್ಗೆಯಿಂದ ಹಂಗೇ ದಾಟ್ತಿದ್ದೀಯ," ಅಂದ. ಅದೂ ನಿಜವೇ.

ಹಳೆಯ ಗೂಡಿನ ಬಾಯಿಗೆ ಹಲಗೆ ಅಡ್ಡ ಹಾಕಿಸಿದಳು ಥರ್ಜಾ. ಹುಲ್ಲು ಕಚ್ಚಿಕೊಂಡು ಬಂದ ಬೆಗೋನಿಯಾ ಮುಚ್ಚಿದ ಬಾಗಿಲ ಮುಂದೆ ನಿಂತು, ಪೆಚ್ಚಾಗಿ, ಸುತ್ತ ನೋಡಿತು. ಥರ್ಜಾ ಒಂದು ತೆಕ್ಕೆ ಹುಲ್ಲು ಹಿಡಿದು ಅದರ ಮೂತಿಯ ಮುಂದೆಯೇ ನಡೆದಳು. ಗೆರೆ ಬಂದಾಗ ಕಾಲೆತ್ತಲಿಲ್ಲ. ಎತ್ತದಿರುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಮೊಣಕಾಲು ತಾನಾಗಿಯೇ ಏಳುತ್ತಿತ್ತು, ಅವಳು ಹಲ್ಲು ಕಚ್ಚಿ ಬೂಟನ್ನು ಕೆಸರಿನಲ್ಲೇ ಎಳೆದುಕೊಂಡು ಹೋದಳು. ತಿರುಗಿ ನೋಡಲು ಧೈರ್ಯ ಸಾಲಲಿಲ್ಲ. ಬೆನ್ನ ಹಿಂದೆ ಹೆಜ್ಜೆಯ ಪಚಪಚ ನಿಂತಿತು. ಆಮೇಲೆ ಅವಳನ್ನು ಪಕ್ಕಕ್ಕೆ ತಳ್ಳಿ, ಬಾಯಲ್ಲಿ ಹುಲ್ಲು ಕಚ್ಚಿಕೊಂಡೇ, ಬೆಗೋನಿಯಾ ಹೊಸ ಗೂಡಿಗೆ ನುಗ್ಗಿತು.

ಸಂಜೆ ಬೆಳಕಿರುವಾಗಲೇ ಮೊದಲ ಮರಿ ಬಂತು. ಥರ್ಜಾ ಗೂಡಿನೊಳಗೆ ಮೊಣಕಾಲೂರಿದ್ದಳು. ಹೆಡ್ಲಿ ಹೊರಗೆ, ಬೆನ್ನು ತಿರುಗಿಸಿಕೊಂಡು, ಕೈಗಾಡಿಯ ಚಕ್ರಕ್ಕೆ ಅಂಟಿದ ಕೆಸರು ಕೆರೆಯುತ್ತಿದ್ದ. ಚಕ್ರ ಆಗಲೇ ಹೊಳೆಯುತ್ತಿತ್ತು.

ಮರಿ ಅಲ್ಲಾಡಲಿಲ್ಲ. ಅವಳು ಬಾಯೊಳಗೆ ಬೆರಳು ಹಾಕಿ ಲೋಳೆ ತೆಗೆದು, ಹುಲ್ಲಿನಿಂದ ಗಸಗಸ ತಿಕ್ಕಿದಳು. ಹೊರಗೆ ಕೆರೆಯುವ ಸದ್ದು ನಿಂತಿತು. ಇನ್ನೂ ತಿಕ್ಕಿದಳು. ಮರಿ ಒಮ್ಮೆ ಬಿಕ್ಕಿ, ಕಿರ್ರೋ ಎಂದು ಅರಚಿತು.

"ಹೆಡ್ಲಿ, ಒಳಗ್ ಬಾ."

"ನೀನಿದ್ದೀಯಲ್ಲ."

"ಉಸಿರಾಡ್ತಿದೆ. ಬಾ."

ಅವನು ಬಗ್ಗಿ ಒಳಗೆ ಬಂದ. ಅವಳು ಮರಿಯನ್ನು ಅವನ ಕೈಯಲ್ಲಿಟ್ಟಳು. ಜೀವಮಾನವಿಡೀ ಹಂದಿ ಸಾಕಿದ ಹೆಡ್ಲಿಗೆ ಅದನ್ನು ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ಸ್ವೆಟರಿನ ಒಳಗೆ ತುರುಕಿಕೊಂಡು ಹುಲ್ಲಿನ ಮೇಲೆ ಕುಳಿತ. ಅವನ ಗಲ್ಲದ ಮೇಲೆ ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಹಾಲಿಗೆ ಬಿಡು ಅದನ್ನ. ಎರಡನೇದು ಬರ್ತಿದೆ," ಅಂದಳು ಥರ್ಜಾ.

"ಇರ್ಲಿ ಕಣೇ. ಇನ್ನೊಂದ್ ಚೂರು."

ಥರ್ಜಾ ಹಂದಿಯ ಹೊಟ್ಟೆ ಸವರತೊಡಗಿದಳು. ಎರಡನೆಯದು ಬಂದಾಗ ಅವಳು ಕೇಳುವ ಮೊದಲೇ ಹೆಡ್ಲಿ ಇನ್ನೊಂದು ಕೈ ಚಾಚಿದ.